ಡೇಟಾಬೇಸ್ ಕೆಟ್ಟಾಗ ಮೊದ್ಲ ಏನ್ ಮುಟ್ಟಬಾರ್ದು, ಆಮ್ಯಾಲ ಡೇಟಾ ಹೆಂಗ ಹೊರಗ ತಗೀಬೇಕು

ಅಂಗಡಿ ಲೆಕ್ಕದ ಸಾಫ್ಟ್‌ವೇರ್ ಓಡಾಕ ಬೇಕಾಗೂ ಸರ್ವರ್‌ಗೋಳ್ನ ಒಟ್ಟಿಗೆ ಹಾಕಿ ಕೊಡೂ ಎಕ್ಸಾಂಪ್ ಅನ್ನೂ ಪ್ಯಾಕೇಜಿನ ಕಂಟ್ರೋಲ್ ಪ್ಯಾನೆಲ್‌ನ್ಯಾಗ, ಲೆಕ್ಕ ಎಲ್ಲಾ ಇಡೂ ಡೇಟಾಬೇಸ್ ಮೈಎಸ್‌ಕ್ಯೂಎಲ್, ಅದ್ರ ಮುಂದ ಸ್ಟಾರ್ಟ್ ಒತ್ತಿದ್ರ ಒಂದ್ ಕ್ಷಣ ಹಸಿರಾಗಿ ಮತ್ತ ಆರಿ ಹೋಗ್ತೈತಿ, ಕೆಳಗ ಕೆಂಪ ಅಕ್ಷರದಾಗ ‘ಮೈಎಸ್‌ಕ್ಯೂಎಲ್ ಶಟ್‌ಡೌನ್ ಅನ್‌ಎಕ್ಸ್‌ಪೆಕ್ಟೆಡ್ಲಿ’ ಅಂತ ಬರ್ತೈತಿ. ಈ ಸ್ಕ್ರೀನಿನ ಫೋಟೋ ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಅಂಗಡಿಯವ್ರು ನನಗ ಕಳಸ್ತಾನ ಇರ್ತಾರ, ನಾ ವಾಪಸ್ ಮೊದ್ಲ ಕೇಳೂದು ಒಂದ: ಇದು ಬಂದ ಮ್ಯಾಲ ಏನೇನ್ ಮಾಡೀರಿ? ಯಾಕಂದ್ರ ಕರೆಂಟ್ ಹೋಗಿ ಡೇಟಾಬೇಸ್ ಕೆಟ್ಟಾಗ ಬಹಳಷ್ಟು ಡೇಟಾ ಡಿಸ್ಕಿನ್ಯಾಗ ಇದ್ದಲ್ಲೇ ಇರ್ತೈತಿ, ನಾ ನೋಡಿದ ಮಟ್ಟಿಗೆ ಅದು ಕಾಯಂ ಹೋಗೂದು ಮುಂದಿನ ಅರ್ಧ ತಾಸಿನ್ಯಾಗ, ಗಾಬರಿಯಾಗಿ ಒಬ್ರು ಯಾವ್ದೋ ಫೈಲ್ ಡಿಲೀಟ್ ಮಾಡ್ತಾರ, ಇನ್ನೊಬ್ರು ಎಲ್ಲಾ ಕಿತ್ತು ಹೊಸದಾಗಿ ಇನ್‌ಸ್ಟಾಲ್ ಮಾಡ್ತಾರ. ಗದಗಿನ್ಯಾಗ ಒಂದು ಬಟ್ಟಿ ಅಂಗಡಿಗೆ ನಾ ಹೋಗೂದ್ರೊಳಗ ಹಿಂಗ ಆಗಿತ್ತು, ಹಳೇ ಫೋಲ್ಡರ್ ಅಳಿಸಿ ಅದ ಜಾಗಾದಾಗ ಹೊಸಾದು ಹಾಕಿದ್ರು, ಎರಡು ವರ್ಷದ ಉದ್ರಿ ಖಾತೆ ಹೋತು. ಆ ಅಂಗಡಿ ಅಜ್ಜಾರು ಗಿರಾಕಿಗೋಳ ಹೆಸ್ರು ಒಂದೊಂದ ನೆನಪ ಮಾಡ್ಕೋತ ನೋಟ್‌ಬುಕ್ಕಿನ್ಯಾಗ ಬರ್ಕೋತ ಕುಂತಿದ್ದು ಇನ್ನೂ ನನ್ನ ಕಣ್ಣಾಗ ಐತಿ, ಅದಕ್ಕ ಇದನ್ನ ಇಷ್ಟು ಉದ್ದ ಬರ್ಯಾಕತ್ತೀನಿ.

ಉದಾಹರಣೆಗೆ ನಮ್ಮ ಮಾಮಾರ ಅಂಗಡಿದ ಕತಿ ಹಿಡ್ಕೋತೀನಿ. ಬ್ಯಾಡಗಿ ಮೆಣಸಿನಕಾಯಿ ಮಾರ್ಕೆಟ್‌ನ್ಯಾಗ ಅವ್ರದು ದಲಾಲಿ ಅಂಗಡಿ. ಬಜಾರ ಸೋಮವಾರ, ಗುರುವಾರ. ಸೀಜನ್ ಜೋರ್ ಇದ್ದಾಗ ಒಂದು ಬುಧವಾರ ಸಂಜೀಕ ಕರೆಂಟ್ ಹೋತು, ಯುಪಿಎಸ್ ಬ್ಯಾಟರಿ ಮೊದ್ಲ ಸತ್ತಿತ್ತು, ಕರೆಂಟ್ ಬಂದ ಮ್ಯಾಲ ಡೇಟಾಬೇಸ್ ಏಳವಲ್ದು. ಮರುದಿನ ಬಜಾರ, ರೈತರ ಪಟ್ಟಿ, ಖರೀದಿದಾರರ ಬಾಕಿ, ಹಮಾಲಿ ಲೆಕ್ಕ ಎಲ್ಲಾ ಅದ್ರಾಗ. ಮಾಮಾ ಫೋನ್ ಹಚ್ಚಿ ‘ಏನ್ ಮಾಡೂದಪಾ ಈಗ’ ಅಂದ್ರು. ನಾ ಹೇಳಿದ್ದು, ಮಾಮಾ, ಕಂಪ್ಯೂಟರ್ ಹಂಗ ಬಿಡ್ರಿ, ಯಾರೂ ಏನೂ ಒತ್ತಬ್ಯಾಡ್ರಿ, ನಾ ಬಸ್ ಹತ್ತತೀನಿ.

ಮೊದ್ಲ ಕೆಲಸ ಕಾಪಿ. ರಿಪೇರಿ ಅಲ್ಲ, ಕಾಪಿ. ಸ್ಟಾರ್ಟ್ ಬಟನ್ ಮತ್ತ ಮತ್ತ ಒತ್ತೂದು ಬಿಡ್ರಿ, ಯಾಕಂದ್ರ ಪ್ರತಿ ಸಲ ಸ್ಟಾರ್ಟ್ ಆಗಾಕ ಹೋದಾಗ ಅದು ಲಾಗ್ ಓದಿ ಫೈಲಿನ್ಯಾಗ ಏನರ ಬರ್ಯಾಕ ನೋಡ್ತೈತಿ. ಎಕ್ಸಾಂಪ್ ಪೂರ್ತಿ ಬಂದ್ ಮಾಡಿ, ಟಾಸ್ಕ್ ಮ್ಯಾನೇಜರ್‌ನ್ಯಾಗ ಮೈಎಸ್‌ಕ್ಯೂಎಲ್‌ಡಿ ಅನ್ನೂ ಡೇಟಾಬೇಸಿನ ಪ್ರೋಗ್ರಾಂ ಓಡಾಕತ್ತಿಲ್ಲ ಅಂತ ಖಾತ್ರಿ ಮಾಡ್ಕೊಂಡು, ಸಿ ಡ್ರೈವ್ ಒಳಗ ಎಕ್ಸಾಂಪ್, ಅದ್ರೊಳಗ ಮೈಎಸ್‌ಕ್ಯೂಎಲ್, ಅದ್ರೊಳಗಿನ ಡೇಟಾ ಅನ್ನೂ ಫೋಲ್ಡರ್ ಇಡಿಯಾಗಿ ಬ್ಯಾರೆ ಹಾರ್ಡ್‌ಡಿಸ್ಕಿಗೆ ಕಾಪಿ ಮಾಡ್ರಿ. ನಿಮ್ಮ ಸಾಫ್ಟ್‌ವೇರ್ ಹೆಸ್ರಿನ ಫೋಲ್ಡರ್ ಒಂದ ತಗೊಂಡ್ರ ಸಾಲಂಗಿಲ್ಲ, ಐಬಿಡೇಟಾ1, ಐಬಿ ಲಾಗ್‌ಫೈಲ್ 0, 1, ಆರಿಯಾ ಲಾಗ್, ಎರರ್ ಲಾಗ್ ಎಲ್ಲಾ ಬೇಕು. ಐಬಿಡೇಟಾ1 ಒಳಗ ಇನ್ನೋಡಿಬಿ, ಅಂದ್ರ ಟೇಬಲ್ ಇಟ್ಟು ನಡಸೂ ಇಂಜಿನ್, ತನ್ನ ಟೇಬಲ್‌ಗೋಳ ಪಟ್ಟಿ ಇಟ್ಕೊಂಡಿರ್ತೈತಿ, ಅದು ಇಲ್ಲಂದ್ರ ಟೇಬಲ್ ಹೆಸ್ರು ಕಾಣಸ್ತೈತಿ ಖರೆ, ಒಳಗ ಹೋಗಾಕ ಬಿಡಂಗಿಲ್ಲ, 1932 ನಂಬರಿನ ಎರರ್ ಕೊಟ್ಟು ಟೇಬಲ್ ಇಂಜಿನ್ನಿನ್ಯಾಗ ಇಲ್ಲ ಅಂತೈತಿ. ಎಷ್ಟೋ ಮಂದಿ ಫಾರ್ಮ್ಯಾಟ್ ಹೊಡಿಯೂ ಮೊದ್ಲ ಫೋಲ್ಡರ್ ಒಂದ ಉಳಿಸ್ಕೊಂಡು ಇದನ್ನ ಬಿಟ್ಟಿರ್ತಾರ, ಅವ್ರ ಮುಖ ನೋಡಾಕ ಆಗಂಗಿಲ್ಲ.

ಕಾಪಿ ಆಗೂ ಮುಂದ ‘ಸೈಕ್ಲಿಕ್ ರಿಡಂಡನ್ಸಿ ಚೆಕ್’ ಅಂತ ಎರರ್ ಬಂದ್ರ, ಇಲ್ಲಾ ಡಿಸ್ಕ್ ಟಿಕ್ ಟಿಕ್ ಅಂತ ಸಪ್ಪಳ ಮಾಡಿದ್ರ, ಅಲ್ಲೇ ನಿಲ್ಲಸ್ರಿ. ಅದು ಡೇಟಾಬೇಸಿನ ತ್ರಾಸ ಅಲ್ಲ, ಡಿಸ್ಕ ಹೋಗಾಕತ್ತೈತಿ. ಅದ್ರ ಮ್ಯಾಲ ಚೆಕ್‌ಡಿಸ್ಕ್ ಓಡಿಸಬ್ಯಾಡ್ರಿ, ಅದು ಫೈಲ್ ಸಿಸ್ಟಮ್ ಸರಿ ಮಾಡೂ ಹೆಸ್ರಿನ್ಯಾಗ ನಿಮ್ಮ ಫೈಲ್‌ನ್ನ ಮೊಟಕ ಮಾಡಬಹುದು. ಡಿಸ್ಕ್ ಬಿಚ್ಚಿ ಲಿನಕ್ಸ್ ಇರೂ ಇನ್ನೊಂದು ಕಂಪ್ಯೂಟರಿಗೆ ಹಚ್ಚಿ ಡಿಡಿರೆಸ್ಕ್ಯೂ ಅನ್ನೂ ಫ್ರೀ ಟೂಲ್‌ನಿಂದ ಇಡೀ ಡಿಸ್ಕಿನ ಇಮೇಜ್ ತಗೀರಿ, ಅದು ಓದಾಕ ಬರೂ ಜಾಗಾ ಮೊದ್ಲ ಓದ್ಕೊಂಡು ಕೆಟ್ಟ ಜಾಗಾ ಕಡೀಗೆ ಇಡ್ತೈತಿ, ಎಲ್ಲಿತನ ಬಂತು ಅಂತ ಮ್ಯಾಪ್ ಫೈಲ್‌ನ್ಯಾಗ ಬರ್ಕೋತೈತಿ, ನಡುವ ನಿಂತ್ರೂ ಅಲ್ಲಿಂದ ಮುಂದ ಹೋಗಬಹುದು. ಇಮೇಜಿನಿಂದ ಡೇಟಾ ಫೋಲ್ಡರ್ ತಗದು ಮುಂದಿನ ಕೆಲಸ ಮಾಡ್ರಿ.

ಈ ಮೊದಲನೇ ಕಾಪಿನ್ನ ಮುಟ್ಟೂದಿಲ್ಲ. ಅದ್ರದು ಇನ್ನೊಂದು ಕಾಪಿ ಮಾಡಿ, ಬ್ಯಾರೆ ಲ್ಯಾಪ್‌ಟಾಪಿನ್ಯಾಗ ಅದ ವರ್ಶನ್ನಿನ ಎಕ್ಸಾಂಪ್ ಹಾಕಿ ಅಲ್ಲಿ ಪ್ರಯೋಗ ಮಾಡ್ರಿ. ವರ್ಶನ್ ಬರೋಬ್ಬರಿ ಹೊಂದಬೇಕು, ಎರರ್ ಲಾಗಿನ್ಯಾಗ ಬರ್ದಿರ್ತೈತಿ. ಅಂದಂಗ ಎಕ್ಸಾಂಪ್ ಒಳಗ ಈಗ ಬರೂದು ಮೈಎಸ್‌ಕ್ಯೂಎಲ್ ಅಂತ ಹೆಸ್ರು ಇದ್ರೂ ಖರೇನ ಅದ್ರಿಂದ ಕವಲಾದ ಮರಿಯಾಡಿಬಿ ಅನ್ನೂ ಡೇಟಾಬೇಸ್, 8.2 ವರ್ಶನ್ನಿನ ಎಕ್ಸಾಂಪಿನ್ಯಾಗ ಮರಿಯಾಡಿಬಿ 10.4 ಐತಿ, ಮೈಎಸ್‌ಕ್ಯೂಎಲ್ 8ಕ್ಕ ಈ ಫೋಲ್ಡರ್ ಒಯ್ದು ಹಾಕಿದ್ರ ಏಳಂಗಿಲ್ಲ.

ಇನ್ನ ಎರರ್ ಲಾಗ್ ಓದ್ರಿ. ಡೇಟಾ ಫೋಲ್ಡರಿನ್ಯಾಗ ಮೈಎಸ್‌ಕ್ಯೂಎಲ್ ಅಂಡರ್‌ಸ್ಕೋರ್ ಎರರ್ ಡಾಟ್ ಲಾಗ್ ಅಂತ ಇರ್ತೈತಿ, ನೋಟ್‌ಪ್ಯಾಡಿನ್ಯಾಗ ತಗದು ತಳಕ್ಕ ಹೋಗ್ರಿ. ಕೆಂಪ ಅಕ್ಷರದ ಆ ಮೆಸೇಜ್ ಏನೂ ಹೇಳಂಗಿಲ್ಲ, ಹೇಳೂದೆಲ್ಲಾ ಇಲ್ಲಿ. 3306 ಪೋರ್ಟ್ ಮ್ಯಾಲ ಇನ್ನೊಂದು ಸರ್ವರ್ ಓಡಾಕತ್ತೈತಿ ಏನು ಅಂತ ಕೇಳಿದ್ರ ನಿಮ್ಮ ಡೇಟಾ ಛಲೋ ಐತಿ, ಆ ಇನ್ನೊಂದನ್ನ ಬಂದ್ ಮಾಡಿದ್ರ ಮುಗೀತು. ಸಿ ಡ್ರೈವ್ ತುಂಬಿ ಜಾಗಾ ಇಲ್ಲಂದ್ರ ಸಿನಿಮಾ ಗಿನಿಮಾ ತಗದು ಜಾಗಾ ಮಾಡ್ರಿ, ಆದ್ರ ಡೇಟಾ ಫೋಲ್ಡರಿನ್ಯಾಗಿನ ಒಂದೂ ಫೈಲ್ ತಗೀಬ್ಯಾಡ್ರಿ. ‘ಆರಿಯಾ ರಿಕವರಿ ಫೇಲ್ಡ್’ ಅಂತ ಇದ್ರ ಅದೂ ಹಗೂರ ಕೇಸ್: ಮರಿಯಾಡಿಬಿ 10.4ರಿಂದ ಯೂಸರ್, ಪಾಸ್‌ವರ್ಡ್ ಇಡೂ ಸಿಸ್ಟಮ್ ಟೇಬಲ್ ಆರಿಯಾ ಅನ್ನೂ ಇನ್ನೊಂದು ಇಂಜಿನ್ ಒಳಗ ಇರ್ತಾವ, ಕೆಟ್ಟದ್ದು ಅದು, ನಿಮ್ಮ ಬಿಲ್ ಇರೂದು ಇನ್ನೋಡಿಬಿ ಒಳಗ. ಆರಿಯಾ ಲಾಗ್ ಕಂಟ್ರೋಲ್ ಮತ್ತ ಆರಿಯಾ ಲಾಗ್ ಡಾಟ್ 00000001 ಅನ್ನೂ ಎರಡು ಫೈಲ್ ಬ್ಯಾರೆ ಕಡೆ ಸರಿಸಿ, ಬಿನ್ ಫೋಲ್ಡರಿನ್ಯಾಗಿನ ಆರಿಯಾ ಚೆಕ್ ಟೂಲ್‌ಗೆ ಹೈಫನ್ ಆರ್ ಕೊಟ್ಟು, ಡೇಟಾ ಒಳಗಿನ ಮೈಎಸ್‌ಕ್ಯೂಎಲ್ ಅನ್ನೂ ಫೋಲ್ಡರಿನ ಎಂಎಐ ಫೈಲ್‌ಗೋಳ ಮ್ಯಾಲ ಓಡಸ್ರಿ. ಭಾಳ ಸಲ ಇಷ್ಟಕ್ಕ ಎದ್ದು ಕುಂದರತೈತಿ.

ಮಾಮಾರದು ಹಂಗಿರಲಿಲ್ಲ. ಅವ್ರ ಲಾಗಿನ್ಯಾಗ ಡೇಟಾಬೇಸ್ ಪೇಜ್ ಕರಪ್ಷನ್ ಅಂತ ಇತ್ತು, ಯಾವ ಟೇಬಲ್, ಎಷ್ಟನೇ ಪೇಜ್ ಅಂತ ಸುದ್ದಾ ಬರ್ದಿತ್ತು. ಇನ್ನೋಡಿಬಿ ಡೇಟಾನ 16 ಕೆಬಿಯ ಪೇಜ್ ಪೇಜ್ ಮಾಡಿ ಇಡ್ತೈತಿ, ಪ್ರತಿ ಪೇಜಿಗೆ ಒಂದು ಚೆಕ್‌ಸಮ್, ಅಂದ್ರ ತಾಳಿ ನೋಡೂ ಅಂಕಿ, ಬರ್ದಿರ್ತೈತಿ, ಓದೂವಾಗ ಅದು ತಾಳಿ ಆಗಲಿಲ್ಲಂದ್ರ ಸುಳ್ಳ ಲೆಕ್ಕ ಕೊಡೂದ್ರಕಿಂತ ನಿಲ್ಲೂದ ಛಲೋ ಅಂತ ನಿಂತ್ ಬಿಡ್ತೈತಿ. ಅಂದ್ರ ಸಾವಿರಾರು ಪೇಜಿನ್ಯಾಗ ಒಂದ ಪೇಜ್ ಕೆಟ್ರೂ ಇಡೀ ಅಂಗಡಿ ಬಂದ್.

ಇಲ್ಲಿ ಬೇಕಾಗೂದು ಫೋರ್ಸ್ ರಿಕವರಿ. ಫೋನಿನ್ಯಾಗ ಹೇಳಿದಂಗ ಹೇಳ್ತೀನಿ: ಎಕ್ಸಾಂಪಿನ್ಯಾಗ ಮೈಎಸ್‌ಕ್ಯೂಎಲ್ ಮುಂದ ಕಾನ್ಫಿಗ್ ಒತ್ತಿ ಮೈ ಡಾಟ್ ಐಎನ್‌ಐ ತಗೀರಿ, ಚೌಕ ಕಂಸದಾಗ ಮೈಎಸ್‌ಕ್ಯೂಎಲ್‌ಡಿ ಅಂತ ಇರೂ ಸಾಲಿನ ಕೆಳಗ ಇನ್ನೋಡಿಬಿ ಅಂಡರ್‌ಸ್ಕೋರ್ ಫೋರ್ಸ್ ಅಂಡರ್‌ಸ್ಕೋರ್ ರಿಕವರಿ ಈಕ್ವಲ್ ಟು 1 ಅಂತ ಬರ್ದು ಸೇವ್ ಮಾಡಿ ಸ್ಟಾರ್ಟ್ ಒತ್ರಿ. ಏಳಲಿಲ್ಲಂದ್ರ 2, ಆಮ್ಯಾಲ 3. 1 ಅಂದ್ರ ಕೆಟ್ಟ ಪೇಜ್ ಕಂಡ್ರೂ ನಿಲ್ಲಬ್ಯಾಡ ಅಂತ, 2 ಅಂದ್ರ ಹಿಂದ ಓಡೂ ಸಾಫ್ ಮಾಡೂ ಕೆಲಸ ನಿಲ್ಲಸು ಅಂತ, 3 ಅಂದ್ರ ಅರ್ಧಕ್ಕ ನಿಂತ ಎಂಟ್ರಿಗೋಳ್ನ ವಾಪಸ್ ತಗ್ಯಾಕ ಹೋಗಬ್ಯಾಡ ಅಂತ. 4, 5, 6 ಅನ್ನೂವು ಇದ್ರ ಮುಂದಿನ್ವು, ಅವು ಡೇಟಾ ಫೈಲ್‌ನ್ನ ಕಾಯಂ ಕೆಡಸಬಹುದು, 6ರಾಗಂತೂ ರಿಡೂ ಲಾಗ್, ಅಂದ್ರ ಆ ಐಬಿ ಲಾಗ್‌ಫೈಲ್, ಓದೂದ ಬಿಟ್ಟು ಬಿಡ್ತೈತಿ, ಅದಕ್ಕ ಅವನ್ನ ಎರಡನೇ ಕಾಪಿ ಮ್ಯಾಲ ಮಾತ್ರ, ಬ್ಯಾರೆ ಎಲ್ಲಾ ದಾರಿ ಮುಚ್ಚಿದ ಮ್ಯಾಲ ಹಾಕ್ರಿ. ನೇರ 6 ಹಾಕ್ರಿ ಅಂತ ಹೇಳೂ ಮಂದಿ ಅದಾರ, ಅವ್ರ ಮಾತ್ ಕೇಳಬ್ಯಾಡ್ರಿ, ಒಂದೊಂದ ಮೆಟ್ಲಾ ಏರ್ರಿ. ಮತ್ತ ಇದು ರಿಪೇರಿ ಅಲ್ಲ, ಬಾಗ್ಲಾ ತಗದು ಸಾಮಾನ ಹೊರಗ ತಗೊಳಾಕ ಸಿಕ್ಕ ಹೊತ್ತು ಅಷ್ಟ. ಎದ್ದಿತು ಅಂತ ಖುಷಿಯಾಗಿ ಅದ್ರಾಗ ಹೊಸ ಬಿಲ್ ಮಾಡಾಕ ಕುಂದ್ರಬ್ಯಾಡ್ರಿ.

ಎದ್ದ ಕೂಡ್ಲೆ ಡಂಪ್, ಅಂದ್ರ ಟೇಬಲಿನ ಡೇಟಾ ಎಲ್ಲಾ ಬರ್ದಿಟ್ಟ ಟೆಕ್ಸ್ಟ್ ಫೈಲ್, ತಗೀರಿ. ಇಡೀ ಡೇಟಾಬೇಸ್ ಒಮ್ಮೆಲೆ ಬ್ಯಾಡ, ಒಂದೊಂದ ಟೇಬಲ್ ಒಂದೊಂದ ಫೈಲ್. ಕೆಟ್ಟ ಟೇಬಲ್ ನಡುವ ಬಂದ್ರ ಸರ್ವರ್ ಮತ್ತ ಬೀಳ್ತೈತಿ, ಆವಾಗ ಅದ್ರ ಹಿಂದಿಂದು ಮುಂದಿಂದು ನಿಮ್ಮ ಕೈಯಾಗ ಇರ್ಬೇಕು. ಬಿನ್ ಫೋಲ್ಡರಿನಿಂದ ಮೈಎಸ್‌ಕ್ಯೂಎಲ್‌ಡಂಪ್, ಹೈಫನ್ ಯು ರೂಟ್, ಆಮ್ಯಾಲ ಎರಡು ಹೈಫನ್ ಹಚ್ಚಿ ಡಿಫಾಲ್ಟ್ ಕ್ಯಾರೆಕ್ಟರ್ ಸೆಟ್ ಯುಟಿಎಫ್8ಎಂಬಿ4 ಅಂತ, ಮತ್ತ ಎರಡು ಹೈಫನ್ ಹಚ್ಚಿ ರಿಸಲ್ಟ್ ಫೈಲ್ ಅಂತ ಫೈಲಿನ ಹೆಸ್ರು, ಆ ಶಬ್ದಗೋಳ ನಡುವನೂ ಹೈಫನ್ ಬೇಕು, ಕಡೀಗೆ ಡೇಟಾಬೇಸ್ ಹೆಸ್ರು, ಟೇಬಲ್ ಹೆಸ್ರು. ರಿಸಲ್ಟ್ ಫೈಲ್ ಅಂತ ಯಾಕ ಒತ್ತಿ ಹೇಳಾಕತ್ತೀನಿ ಅಂದ್ರ, ವಿಂಡೋಸ್ ಜೋಡಿ ಬರೂ ಪವರ್‌ಶೆಲ್‌ನ್ಯಾಗ ಬಾಣದ ಗುರ್ತು ಹಾಕಿ ಫೈಲಿಗೆ ತಿರಗಿಸಿದ್ರ ಅದು ಯುಟಿಎಫ್16 ಆಗಿ ಕುಂದರತೈತಿ, ವಾಪಸ್ ಇಂಪೋರ್ಟ್ ಆಗಂಗಿಲ್ಲ.

ಕನ್ನಡ ಅಕ್ಷರದ ವಿಷಯ ಇಲ್ಲಿ ಚೂರು ನಿಂತು ನೋಡೂಣು, ಯಾಕಂದ್ರ ನಮ್ಮ ಕಡೆ ಡೇಟಾಬೇಸಿನ್ಯಾಗ ರೈತರ ಹೆಸ್ರು, ಊರ ಹೆಸ್ರು ಕನ್ನಡದಾಗ ಇರ್ತಾವ, ಎಲ್ಲಾ ಉಳಿದು ಹೆಸ್ರು ಹೋದ್ರ ಯಾರ ಪಟ್ಟಿ ಯಾರದು ಅಂತ ಹೆಂಗ ಹೇಳೂದು. ಕನ್ನಡ ಹಿಡಿಯದ ಲ್ಯಾಟಿನ್1 ಅನ್ನೂ ಅಕ್ಷರದ ಸೆಟ್ಟಿಂಗಿನ್ಯಾಗ ಡಂಪ್ ತಗದ್ರ ಯೂನಿಕೋಡ್ ಕನ್ನಡ ಎಲ್ಲಾ ಪ್ರಶ್ನಾರ್ಥಕ ಚಿಹ್ನೆ ಆಗಿ ಬಿಡ್ತೈತಿ, ಆ ಫೈಲಿನಿಂದ ಅದನ್ನ ವಾಪಸ್ ತರಾಕ ಯಾರ ಕೈಲೂ ಆಗಂಗಿಲ್ಲ, ಕೆಟ್ಟ ಡೇಟಾಬೇಸಿಗೆ ತಿರುಗಿ ಹೋಗಿ ಮತ್ತ ಡಂಪ್ ತಗೀಬೇಕು. ಇನ್ನೊಂದು ನಮೂನಿ: ಪ್ರತಿ ಅಕ್ಷರದ ಜಾಗಾದಾಗ ಮ್ಯಾಲ ಗೀಟ್ ಇರೂ ಇಂಗ್ಲಿಷ್ ‘ಎ’, ಅದ್ರ ಬಾಜೂ ಮ್ಯಾಲಕ್ಕ ಏರಿದ ಸಣ್ಣ 2 ಇಲ್ಲಾ 3, ಹಿಂಗ ಸಾಲಾಗಿ ಬಂದ್ರ ಡೇಟಾ ಹೋಗಿಲ್ಲ, ಯುಟಿಎಫ್8 ಕನ್ನಡ ಲ್ಯಾಟಿನ್1 ಟೇಬಲಿನ್ಯಾಗ ಕುಂತೈತಿ, ಹಳೇ ಪಿಎಚ್‌ಪಿ ಸಾಫ್ಟ್‌ವೇರಿನ್ಯಾಗ ಇದು ಭಾಳ. ಆ ಟೇಬಲ್ ಅಷ್ಟ ಲ್ಯಾಟಿನ್1 ಅಂತ ಹೇಳಿ ಡಂಪ್ ತಗದು, ಆ ಫೈಲಿನ್ಯಾಗ ಸೆಟ್ ನೇಮ್ಸ್ ಇರೂ ಸಾಲು, ಟೇಬಲಿನ ಚಾರ್‌ಸೆಟ್ ಎರಡನ್ನೂ ಯುಟಿಎಫ್8ಎಂಬಿ4 ಮಾಡಿ ಇಂಪೋರ್ಟ್ ಮಾಡಿದ್ರ ಕನ್ನಡ ಕಾಣಸ್ತೈತಿ. ಮೂರನೇದು, ಇಂಗ್ಲಿಷ್ ಅಕ್ಷರದ ನಡುನಡುವ ಪೌಂಡ್ ಗುರ್ತು ಬರೂದು, ಅದು ಏನೂ ಕೆಟ್ಟಿಲ್ಲ, ಹಳೇ ನುಡಿ ಫಾಂಟಿನ್ಯಾಗ ಟೈಪ್ ಮಾಡಿದ್ದು, ನುಡಿ ಫಾಂಟ್ ಹಚ್ಚಿ ನೋಡಿದ್ರ ಹೆಸ್ರು ಬರೋಬ್ಬರಿ ಓದಾಕ ಬರ್ತೈತಿ. ಇದನ್ನ ಕರಪ್ಟ್ ಆಗೈತಿ ಅಂತ ತಿಳದು ಒಬ್ರು ಇಡೀ ಹೆಸ್ರಿನ ಕಾಲಮ್ ಅಳಿಸಿ ಹೊಸದಾಗಿ ಟೈಪ್ ಮಾಡಾಕ ಕುಂತಿದ್ರು, ನೋಡಿ ನನ್ನ ಹೊಟ್ಟಿ ಉರೀತು.

ಮಾಮಾರ ಡೇಟಾಬೇಸ್ 1ರಾಗ ಏಳಲಿಲ್ಲ, 2ರಾಗ ಎದ್ದಿತು. ಎಲ್ಲಾ ಟೇಬಲ್ ಬಂದ್ವು, ಲಾಟ್ ಟೇಬಲ್ ಬಿಟ್ಟು. ಅದ್ರಾಗ 38,000 ಚಿಲ್ಲರ ಸಾಲು, ಡಂಪ್ ಮಾಡಾಕ ಹೋದ್ರ ನಡುವ ಸರ್ವರ್ ಬೀಳ್ತಿತ್ತು.

ಇಂಥಲ್ಲಿ ಟೇಬಲನ್ನ ಎರಡೂ ತುದಿಯಿಂದ ತಿನ್ಕೋತ ಬರ್ಬೇಕು. ಡಂಪಿನ ಕಮಾಂಡಿಗೆ ಎರಡು ಹೈಫನ್ ಹಚ್ಚಿ ವೇರ್ ಅಂತ ಕಂಡಿಷನ್ ಕೊಡಾಕ ಬರ್ತೈತಿ, ಐಡಿ 20,000ಕ್ಕಿಂತ ಕಡಿಮಿ ಇರೂವು ಅಷ್ಟ ಕೊಡು ಅಂತ. ಬಂತು. 30,000? ಬಂತು. 35,000? ಬಿತ್ತು. ಸರ್ವರ್ ಎಬ್ಬಿಸಿ 32,000, ಬಿತ್ತು, 31,000, ಬಂತು. ಹಿಂಗ ಅರ್ಧ ಅರ್ಧ ಮಾಡ್ಕೋತ ಹೋದ್ರ ಹತ್ತು ಹದಿನೈದು ಸಲದಾಗ ಕೆಟ್ಟ ಜಾಗಾದ ಈ ದಂಡಿ ಸಿಗ್ತೈತಿ. ಆ ದಂಡಿ ಹುಡಕಾಕ ಕಡೀ ಐಡಿಯಿಂದ ಹಿಂದಕ್ಕ ಬರ್ರಿ, 38,000ಕ್ಕಿಂತ ಹೆಚ್ಚಿಂದು, 35,000ಕ್ಕಿಂತ ಹೆಚ್ಚಿಂದು, ಹಂಗ. ಪ್ರತಿ ಸಲ ಬಂದ ಫೈಲಿಗೆ ಎಲ್ಲಿಂದ ಎಲ್ಲಿತನ ಅಂತ ಹೆಸ್ರಿಡ್ರಿ, ಇಲ್ಲಂದ್ರ ರಾತ್ರಿ ಹನ್ನೆರಡಕ್ಕ ಯಾವ ಫೈಲ್ ಯಾವ್ದು ಅಂತ ತಲಿ ಕೆಡ್ತೈತಿ. ಒಂದು ಸಾಲು 200 ಬೈಟ್ ಅಂತ ಹಿಡದ್ರ 16 ಕೆಬಿ ಪೇಜಿನ್ಯಾಗ 70-80 ಸಾಲು ಹಿಡೀತಾವ, ಅಂದ್ರ ಒಂದು ಪೇಜ್ ಹೋದ್ರ ಹೋಗೂದು ಇಷ್ಟ. ನಮಗ ಓದಾಕ ಬರದ್ದು 71 ಸಾಲು. ಮಾಮಾಗ ಹೇಳಿದೆ, 38,000ದಾಗ 71 ಅಂತ, ಅವ್ರು ಕುರ್ಚಿ ಮ್ಯಾಲ ಕುಂತು ಒಂದು ತಂಬಿಗಿ ನೀರ್ ಕುಡದ್ರು, ಸಂಜಿಂದ ಏನೂ ತಗೊಂಡಿರಲಿಲ್ಲ.

ಲಾಗಿನ್ಯಾಗ ಕೆಟ್ಟದ್ದು ಬರೇ ಇಂಡೆಕ್ಸ್, ಅಂದ್ರ ಸಾಲು ಲಗೂನ ಹುಡಕಾಕ ಇರೂ ಸೂಚಿ, ಅಂತ ಇದ್ರ ಇನ್ನೂ ಛಲೋ, ಪ್ರೈಮರಿ ಅಲ್ಲದ ಇಂಡೆಕ್ಸ್ ಆಗಿದ್ರ ಸಾಲು ಒಂದೂ ಹೋಗಿರಂಗಿಲ್ಲ, ಪ್ರೈಮರಿ ಕೀ ಮ್ಯಾಲಿಂದ ಓದಿಸಿ ಡಂಪ್ ತಗದು ಹೊಸಾದಕ್ಕ ಹಾಕಿದ್ರ ಇಂಡೆಕ್ಸ್ ತಾನ ಕಟ್ಕೋತೈತಿ.

ಯೂಟ್ಯೂಬಿನ್ಯಾಗ ಎಲ್ಲಾರೂ ತೋರಸೂದು ಬ್ಯಾಕಪ್ ಫೋಲ್ಡರಿನ ಉಪಾಯ. ಎಕ್ಸಾಂಪಿನ ಮೈಎಸ್‌ಕ್ಯೂಎಲ್ ಒಳಗ ಬ್ಯಾಕಪ್ ಅಂತ ಒಂದು ಫೋಲ್ಡರ್ ಇರ್ತೈತಿ, ಹೆಸ್ರು ನೋಡಿ ಅದು ನಿಮ್ಮ ಡೇಟಾದ ಬ್ಯಾಕಪ್ ಅಂತ ತಿಳೀಬ್ಯಾಡ್ರಿ, ಇನ್‌ಸ್ಟಾಲ್ ಮಾಡಿದ ದಿನದ ಖಾಲಿ ಡೇಟಾ ಅದು. ಉಪಾಯ ಏನಂದ್ರ ಡೇಟಾ ಫೋಲ್ಡರಿಗೆ ಡೇಟಾ ಓಲ್ಡ್ ಅಂತ ಹೆಸ್ರು ಬದಲಿಸಿ, ಬ್ಯಾಕಪ್ಪಿನ ಒಂದು ಕಾಪಿಗೆ ಡೇಟಾ ಅಂತ ಹೆಸ್ರಿಟ್ಟು, ಹಳೇದ್ರಾಗಿಂದ ನಿಮ್ಮ ಸ್ವಂತ ಡೇಟಾಬೇಸ್ ಫೋಲ್ಡರ್‌ಗೋಳು ಮತ್ತ ಐಬಿಡೇಟಾ1 ಹೊಸಾದಕ್ಕ ಹಾಕೂದು. ಮೈಎಸ್‌ಕ್ಯೂಎಲ್, ಪರ್ಫಾರ್ಮೆನ್ಸ್ ಸ್ಕೀಮಾ, ಪಿಎಚ್‌ಪಿಮೈಅಡ್ಮಿನ್ ಅನ್ನೂವು ಹಳೇದ್ರಿಂದ ತಗೋಬಾರ್ದು. ಇದು ಕೆಲಸ ಮಾಡ್ತೈತಿ, ನಾನೂ ಮಾಡೀನಿ. ಆದ್ರ ಇದ್ರಾಗ ನಿಮ್ಮ ಹಳೇ ಐಬಿ ಲಾಗ್‌ಫೈಲ್ ಬಿಟ್ಟು ಹೋಗ್ತಾವ, ಬಿಲ್ ಸೇವ್ ಆಗಿ ಲಾಗಿಗೆ ಬಂದು ಇನ್ನೂ ಟೇಬಲ್ ಫೈಲಿಗೆ ಮುಟ್ಟದ ಕಡೀ ಎಂಟ್ರಿಗೋಳು ಇರೂದ ಅಲ್ಲಿ, ಅವು ಹೋಗ್ತಾವ, ಆಮ್ಯಾಲ ಎರರ್ ಲಾಗಿನ್ಯಾಗ ಲಾಗ್ ಸೀಕ್ವೆನ್ಸ್ ನಂಬರ್ ಮುಂದಿನದೈತಿ ಅಂತ ಸಾಲ ಸಾಲ ದೂರು ಬರ್ತಾವ. ಅದಕ್ಕ ನನ್ನ ಮಾತು ಏನಂದ್ರ ಮೊದ್ಲ ಆರಿಯಾ ನೋಡ್ರಿ, ಆಮ್ಯಾಲ ಫೋರ್ಸ್ ರಿಕವರಿ 1ರಿಂದ 3, ಅವು ನಡೀಲಿಲ್ಲಂದ್ರ ಮಾತ್ರ ಈ ಉಪಾಯ, ಇದ್ರಾಗ ಎದ್ದ ಮ್ಯಾಲನೂ ಅದ್ರಾಗ ಅಂಗಡಿ ನಡಸಬ್ಯಾಡ್ರಿ, ಡಂಪ್ ತಗದು ಹೊಸಾ ಡೇಟಾಬೇಸಿಗೆ ಹಾಕ್ರಿ.

ಐಬಿಡೇಟಾ1 ಪೂರ್ತಿ ಹೋಗಿ, ಟೇಬಲಿಗೊಂದರಂಗ ಇರೂ ಐಬಿಡಿ ಫೈಲ್‌ಗೋಳು ಅಷ್ಟ ಉಳದಿದ್ರ ಅದಕ್ಕೂ ದಾರಿ ಐತಿ. ಸಾಫ್ಟ್‌ವೇರ್ ಕೊಟ್ಟವ್ರ ಕಡೆಯಿಂದ ಖಾಲಿ ಡೇಟಾಬೇಸ್ ತಗೊಂಡು ಅದ ನಮೂನಿ ಟೇಬಲ್ ಮಾಡಿ, ಆಲ್ಟರ್ ಟೇಬಲ್ ಡಿಸ್ಕಾರ್ಡ್ ಟೇಬಲ್‌ಸ್ಪೇಸ್, ಹಳೇ ಐಬಿಡಿ ಅಲ್ಲಿಗೆ ಕಾಪಿ, ಆಮ್ಯಾಲ ಆಲ್ಟರ್ ಟೇಬಲ್ ಇಂಪೋರ್ಟ್ ಟೇಬಲ್‌ಸ್ಪೇಸ್. ಕಾಲಮ್ ಒಂದು ಹೆಚ್ಚು ಕಡಿಮಿ ಆದ್ರೂ ಒಪ್ಪಂಗಿಲ್ಲ, ತಾಳ್ಮಿ ಬೇಕು, ಒಂದೊಂದ ಟೇಬಲ್ ಮಾಡ್ರಿ.

ಡಂಪ್ ಎಲ್ಲಾ ಹೊಸಾ ಇನ್‌ಸ್ಟಾಲ್‌ನ್ಯಾಗ ಹಾಕಿದ ಮ್ಯಾಲ ಮೈ ಡಾಟ್ ಐಎನ್‌ಐ ಒಳಗಿನ ಫೋರ್ಸ್ ರಿಕವರಿ ಸಾಲು ಅಲ್ಲಿಗೂ ಬಂದಿಲ್ಲ ಅಂತ ನೋಡ್ಕೋರಿ, ಆಮ್ಯಾಲ ಲೆಕ್ಕ ತಾಳಿ ಮಾಡ್ರಿ. ಸಾಫ್ಟ್‌ವೇರ್ ತಗೀತು ಅಂದ ಕೂಡ್ಲೆ ಎಲ್ಲಾ ಬಂತು ಅಂತ ಅಲ್ಲ. ಪಟ್ಟಿ ನಂಬರಿನ್ಯಾಗ ನಡುವ ಎಲ್ಲೆಲ್ಲಿ ಬಿಟ್ಟೈತಿ ನೋಡ್ರಿ, ತಿಂಗ್ಳ ತಿಂಗ್ಳ ಮೊತ್ತ ತಗದು ಜಿಎಸ್‌ಟಿ ರಿಟರ್ನ್ ಕೂಡ ಹಚ್ಚಿ ನೋಡ್ರಿ, ಹತ್ತು ಗಿರಾಕಿಗೋಳ ಬಾಕಿ ತಗದು ಕಿರ್ದಿ ಪುಸ್ತಕದ ಕೂಡ ನೋಡ್ರಿ. ನಮ್ಮ 71 ಸಾಲು ಯಾವ್ಯಾವು ಅಂತ ಪಟ್ಟಿ ನಂಬರಿಂದ ಗೊತ್ತಾತು, ಎಲ್ಲಾ ಒಂದ ಬಜಾರದ ದಿನದ್ವು. ಇ-ಟೆಂಡರಿನ ಪ್ರಿಂಟಿನ್ಯಾಗ ಲಾಟ್ ನಂಬರ್, ರೇಟ್, ಖರೀದಿದಾರರ ಹೆಸ್ರು ಇದ್ವು, ತೂಕದ ಚೀಟಿ ಸುತಳಿ ಕಟ್ಟಿ ಮೊಳೆಗೆ ಹಾಕಿದ್ರು, ಕೆಲವು ರೈತರಿಗೆ ಪಟ್ಟಿ ವಾಟ್ಸಾಪಿನ್ಯಾಗ ಕಳಿಸಿದ್ರು ಅವೂ ಸಿಕ್ವು. ಅತ್ತಿ ಚಹಾ ಮಾಡಿ ತಂದ್ರು, ಮಾಮಾ ಚೀಟಿ ಓದಿ ಹೇಳಿದ್ರು, ನಮ್ಮ ತಮ್ಮ ಟೈಪ್ ಮಾಡಿದ, ನಸುಕಿನ್ಯಾಗ 71ನೇದು ಮುಗೀತು. ಹಳೇ ಕಾಗದ ಲಗೂನ ಹೊರಗ ಒಗೀಬ್ಯಾಡ್ರಿ.

ಕಾರಣನೂ ಸರಿ ಮಾಡ್ಬೇಕು. ಯುಪಿಎಸ್ ಬ್ಯಾಟರಿ ಬದಲಿಸಿದ್ವಿ. ಇನ್ನೊಂದು ನಾ ಎಲ್ಲಾ ಕಡೆ ನೋಡೂದು, ಸಂಜೀಕ ಅಂಗಡಿ ಮುಚ್ಚೂ ಮುಂದ ಎಕ್ಸಾಂಪಿನ್ಯಾಗ ಸ್ಟಾಪ್ ಒತ್ತದ ನೇರ ವಿಂಡೋಸ್ ಶಟ್‌ಡೌನ್ ಮಾಡ್ತಾರ, ಅದು ಡೇಟಾಬೇಸಿಗೆ ಕರೆಂಟ್ ಹೋದಂಗ. ಸರ್ವೀಸ್ ಆಗಿ ಇನ್‌ಸ್ಟಾಲ್ ಮಾಡ್ರಿ, ಇಲ್ಲಾ ಸ್ಟಾಪ್ ಒತ್ತೂದು ರೂಢಿ ಮಾಡ್ಕೋರಿ. ಓಡಾಕತ್ತಿದ ಡೇಟಾ ಫೋಲ್ಡರನ್ನ ಗೂಗಲ್ ಡ್ರೈವಿಗೆ ಸಿಂಕ್ ಹಚ್ಚಿ ಬ್ಯಾಕಪ್ ಅಂತ ತಿಳಕೊಳೂದೂ ತಪ್ಪು, ಒಂದು ಫೈಲ್ ಮೂರು ಗಂಟೇದು, ಇನ್ನೊಂದು ಮೂರೂ ಐದಕ್ಕಿಂದು ಹೋಗಿರ್ತೈತಿ, ಅವು ಒಂದಕ್ಕೊಂದು ಹೊಂದಂಗಿಲ್ಲ. ಡ್ರೈವಿಗೆ ಹಾಕೂದಾದ್ರ ಡಂಪ್ ಫೈಲ್ ಹಾಕ್ರಿ.

ಮಾಮಾರ ಅಂಗಡಿಯೊಳಗ ಈಗ ಟಾಸ್ಕ್ ಶೆಡ್ಯೂಲರ್ ದಿನಾ ರಾತ್ರಿ ಎಂಟಕ್ಕ ಡಂಪ್ ತಗೀತೈತಿ, ಫೈಲಿನ ಹೆಸ್ರಿನ್ಯಾಗ ತಾರೀಖು. ಸೋಮವಾರ, ಗುರುವಾರ ಬಜಾರ ಮುಗದ ಮ್ಯಾಲ ಅದು ಪೆನ್‌ಡ್ರೈವಿನ್ಯಾಗ ಮನಿಗೂ ಹೋಗ್ತೈತಿ. ತಿಂಗ್ಳ ಮೊದಲನೇ ಐತವಾರ ನಮ್ಮ ತಮ್ಮ ಅದ್ರಾಗಿನ ಒಂದು ಫೈಲ್ ತನ್ನ ಲ್ಯಾಪ್‌ಟಾಪಿಗೆ ಇಂಪೋರ್ಟ್ ಮಾಡಿ, ಕಡೀ ಪಟ್ಟಿ ನಂಬರ್ ಎಷ್ಟು, ಯಾವ ಊರ ರೈತರದು ಅಂತ ನನಗ ಮೆಸೇಜ್ ಹಾಕ್ತಾನ, ಹೆಸ್ರು ಕನ್ನಡದಾಗ ಬರೋಬ್ಬರಿ ಬಂದೈತಿ ಅಂತ ಒಂದು ಫೋಟೋನೂ ಕಳಸ್ತಾನ.